ಯಾರ ಗುರುತೂ ಹಿಡಿಯದ ಡಾಕ್ಟರ್ ಅತ್ತೆ

ನಮ್ಮ ಅತ್ತೆಯಷ್ಟು ಜಂಬದ ಹೆಂಗಸು ಇಡೀ ಹೈದರಾಬಾದಿನಲ್ಲಿ ಇನ್ನೊಬ್ಬರಿಲ್ಲ! ಇದು ನನ್ನ ಮಾತಲ್ಲ, ಇಲ್ಲಿನ ಕನ್ನಡ ಮಂದಿ ಒಮ್ಮತದಿಂದ ಮಾಡಿದ ತೀರ್ಮಾನ. ಅತ್ತೆ ಅಂದ ಕೂಡಲೇ ಹೆಂಡತಿಯ ತಾಯಿ ಅಂದುಕೊಂಡು ನಗಬೇಡಿ. ಇವರು ನನ್ನ ಅಪ್ಪನ ತಂಗಿ, ಸೋದರತ್ತೆ. ಚರ್ಮದ ಡಾಕ್ಟರು. ವಯಸ್ಸು ಎಪ್ಪತ್ತರ ಹತ್ತಿರ ಬಂದಿದೆ, ಕೂಕಟ್‌ಪಲ್ಲಿಯ ಕ್ಲಿನಿಕ್ಕಿನ ಮೆಟ್ಟಿಲನ್ನು ಈಗಲೂ ದಿನಾ ಎರಡು ಹೊತ್ತು ಹತ್ತಿ ಇಳಿಯುತ್ತಾರೆ.

ಜಂಬದ ಕಥೆ ಏನೆಂದರೆ, ಇವರು ತಮ್ಮ ಪೇಶಂಟುಗಳನ್ನು ಕ್ಲಿನಿಕ್ಕಿನ ಹೊರಗೆ ಗುರುತು ಹಿಡಿಯುವುದಿಲ್ಲ. ಒಂದು ಮದುವೆ ಊಟದಲ್ಲಿ ನನ್ನ ಪರಿಚಯದ ಬ್ಯಾಂಕ್ ಮ್ಯಾನೇಜರರು ಹೆಂಡತಿ ಮಕ್ಕಳೊಂದಿಗೆ ಎದುರಿಗೇ ಬಂದು ಕೈ ಮುಗಿದರು. ಅತ್ತೆ ತಲೆ ಎತ್ತಿ ನೋಡಿ, "ನಮಸ್ಕಾರ್ರಿ. ತಾವು ಯಾರು ಗೊತ್ತಾಗಲಿಲ್ಲಲ್ಲ" ಅಂದು ಹೋಳಿಗೆಯ ಕಡೆ ತಿರುಗಿಬಿಟ್ಟರು. ಪಾಪ, ಆ ಮನುಷ್ಯ ಆರು ತಿಂಗಳು ಇವರ ಹತ್ತಿರ ಔಷಧ ತೆಗೆದುಕೊಂಡಿದ್ದರಂತೆ! ಕೈ ತೊಳೆಯುವಾಗ ನನ್ನನ್ನು ಪಕ್ಕಕ್ಕೆ ಕರೆದು, "ನಿಮ್ಮ ಅತ್ತಿಯವರಿಗೆ ಮರವು ಸುರು ಆಗೈತೇನ್ರಿ?" ಎಂದು ಕೇಳಿದರು. ನನಗೆ ನಾಚಿಕೆಯಾಯಿತು. ಮನೆಗೆ ಬರುವಾಗ ಕಾರಿನಲ್ಲಿ ಕೇಳಿಯೇಬಿಟ್ಟೆ.

"ಅತ್ತಿ, ಅವರು ನಿಮ್ಮ ಪೇಶಂಟ್ ಅಂತಲ್ಲ?"

"ಯಾರು?"

"ಮ್ಯಾನೇಜರು. ಅವರೇ ಹೇಳಿದ್ರು."

"ಅವರು ಹೇಳಿದ್ರ ಅದು ಅವರು ಹೇಳಿದಂಗ ಆತು. ನಾ ಹೇಳಿದಂಗ ಆಗಲಿಲ್ಲ," ಎಂದು ಹೇಳಿ ಕಿಟಕಿಯ ಗಾಜು ಇಳಿಸಿದರು. ಇಂಥವರ ಜೊತೆ ಏನು ಮಾತಾಡುತ್ತೀರಿ?

ಕ್ಲಿನಿಕ್ಕನ್ನಾದರೂ ನೋಡಬೇಕು ನೀವು. ಕೂಕಟ್‌ಪಲ್ಲಿಯಲ್ಲಿ ಈಗ ಮೆಟ್ರೋದ ಎರಡು ಕಂಬದ ನಡುವೆ ಒಂದರಂತೆ ಚರ್ಮದ ದವಾಖಾನೆಗಳಿವೆ. ಆಳೆತ್ತರದ ಬೋರ್ಡುಗಳು, ಅದರ ತುಂಬ ಹಾಲಿನ ಕೆನೆಯಂಥ ಮುಖಗಳು. ನಮ್ಮ ಅತ್ತೆಯ ಬೋರ್ಡಿನಲ್ಲಿ ಹೆಸರಿದೆ, ಹೆಸರಿನ ಹಿಂದೆ ಡಾಕ್ಟರ್ ಅಂತಿದೆ, ಮುಗಿಯಿತು. ಯಾವುದರ ಡಾಕ್ಟರು ಅಂತ ಬರೆಸಿಲ್ಲ! ಯಾಕೆಂದು ಕೇಳಿದರೆ, "ಮೆಟ್ಟಲಾ ಹತ್ತಾವ್ರನ್ನ ಕೆಳಗ ನಿಂತವ ನೋಡ್ತಾನ. ಅವನಿಗ್ಯಾಕ ಬೇಕು?" ಅನ್ನುತ್ತಾರೆ. ಕೆಳಗೆ ಲೇಡೀಸ್ ಟೇಲರ್ ಅಂಗಡಿ ಇರುವುದು ಅವರಿಗೆ ದೊಡ್ಡ ಸಮಾಧಾನ. ಬರುವ ಹೆಣ್ಣುಮಕ್ಕಳು ಜಂಪರು ಹೊಲಿಸಲು ಬಂದಿದ್ದೆವು ಅನ್ನಬಹುದಲ್ಲ! ಕಾಯುವ ಕೋಣೆಯ ಬೆಂಚುಗಳು ಒಂದಕ್ಕೊಂದು ಎದುರಾಗಿಲ್ಲ, ಎಲ್ಲವೂ ಗೋಡೆಗೆ ಮುಖ ಮಾಡಿವೆ. ಹೊಸಬರಿಗೆ ಶಾಲೆಯಲ್ಲಿ ಶಿಕ್ಷೆ ಕೊಟ್ಟು ಕೂರಿಸಿದಂತೆ ಅನ್ನಿಸುತ್ತದೆ. ಹೆಸರು ಹಿಡಿದು ಕರೆಯುವುದಂತೂ ಇಲ್ಲವೇ ಇಲ್ಲ. ಬಾಗಿಲಲ್ಲಿ ಕೂರುವ ತೆಲುಗು ಹುಡುಗಿ "ಪನ್ನೆಂಡು, ಪದಮೂಡು" ಎಂದು ನಂಬರ್ ಕೂಗುತ್ತಾಳೆ. ಗೋಡೆಗೆ ಮುಖ ಮಾಡಿದ ಹನ್ನೆರಡನೆಯವರು ಎದ್ದು ಒಳಗೆ ಹೋಗುತ್ತಾರೆ.

ಇನ್ನು ನಮ್ಮ ಮನೆತನದ ವಾಟ್ಸಾಪ್ ಗ್ರೂಪು. ಡಾಕ್ಟರು ಇರುವ ಗ್ರೂಪಿನಲ್ಲಿ ಏನೇನು ಬರುತ್ತದೆಂದು ಬೇರೆ ಹೇಳಬೇಕೆ? ಒಂದು ಬೆಳಿಗ್ಗೆ ನಾವೆಲ್ಲ ಉಪ್ಪಿಟ್ಟು ತಿನ್ನುವ ಹೊತ್ತಿಗೆ ಹುಬ್ಬಳ್ಳಿಯ ನನ್ನ ದೊಡ್ಡಪ್ಪನ ಮಗ ತನ್ನ ಬರಿ ಬೆನ್ನಿನ ಫೋಟೋ ಹಾಕಿದ. ಅಷ್ಟಗಲದ ಬೆನ್ನು, ಅದರ ತುಂಬ ಕೆಂಪು ದದ್ದು. ಕೆಳಗೆ, "ಅತ್ತಿ, ಇದೇನಿದು?" ಎಂಬ ಪ್ರಶ್ನೆ. ಉಳಿದವರು ಬಿಡುತ್ತಾರೆಯೆ? ಒಬ್ಬರು ಬೇವಿನ ಸೊಪ್ಪು ಅಂದರು, ಒಬ್ಬರು ಬದನೆಕಾಯಿ ಬಿಡು ಅಂದರು, ಮತ್ತೊಬ್ಬರು ಅದು ದೇವಿಯ ಶಾಪ ಅಂದರು. ಅತ್ತೆಯ ಉತ್ತರ ಬಂದಿದ್ದು ಮೂರೇ ವಾಕ್ಯದಲ್ಲಿ: "ಫೋಟೋ ತಗಿ. ಅಂಗಿ ಹಾಕ್ಕೋ. ನನಗ ಫೋನ್ ಮಾಡು." ಆ ಬೆನ್ನಿಗೆ ಕೊನೆಗೆ ಏನಾಗಿತ್ತು ಎಂಬುದು ನಮಗೆ ಯಾರಿಗೂ ಇವತ್ತಿನವರೆಗೆ ಗೊತ್ತಾಗಿಲ್ಲ!

ಹಾಗಾದರೆ ಅವರಿಗೆ ನಿಜವಾಗಿ ಮರೆವೆ? ನಾಂಪಲ್ಲಿಯ ಜನವರಿ ಎಕ್ಸಿಬಿಷನ್ನಿನಲ್ಲಿ ನನ್ನ ಆ ಅನುಮಾನವೂ ಹೋಯಿತು. ಕಾಶ್ಮೀರಿ ಶಾಲಿನ ಅಂಗಡಿಯ ಮುಂದೆ ನಿಂತಿದ್ದೆವು. ಗಡ್ಡದ ಮನುಷ್ಯನೊಬ್ಬ ನಮ್ಮತ್ತ ನಗುತ್ತ ಬಂದ. ಅತ್ತೆ ಅವನ ತಲೆಯ ಮೇಲಿಂದ ದೂರದ ಜೋಕಾಲಿಯನ್ನು ನೋಡುತ್ತ ನಿಂತರು. ಅವನು ಬಿಡಲಿಲ್ಲ. "ಡಾಕ್ಟರ್ ಸಾಬ್, ಮೇರೇ ಕು ಪೆಹಚಾನೇ ನೈ? ಮೇರಾ ದಾದ್ ಪೂರಾ ಅಚ್ಛಾ ಹೋ ಗಯಾ" ಎಂದು, ಗುರುತು ಹಿಡಿಯಲಿಲ್ಲವೆ ಎಂಬ ತಕರಾರಿನ ಜೊತೆಗೇ, ಜನರೆಲ್ಲ ತಿರುಗಿ ನೋಡುವ ಹಾಗೆ ತನ್ನ ಗಜಕರ್ಣ ವಾಸಿಯಾದ ಸುದ್ದಿಯನ್ನು ಸಾರಿದ. ಅಷ್ಟೇ ತಡ, ಅತ್ತೆಯ ಮುಖ ಅರಳಿತು! ಅವನ ನಾಲ್ಕು ಮಕ್ಕಳನ್ನು ಒಂದೊಂದಾಗಿ ಹೆಸರು ಹಿಡಿದು ವಿಚಾರಿಸಿದರು. ಹೆಂಡತಿಯ ಮೊಣಕಾಲು ನೋವು ಹೇಗಿದೆ ಅಂತ ಕೇಳಿದರು. ನಾನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆ.

"ಎಲ್ಲಾ ನೆನಪೈತಲ್ಲ ಅತ್ತಿ ನಿಮಗ," ಅಂದೆ.

"ಅಂವ ತಾನ ಹೇಳಿದ, ನಾ ಮಾತಾಡಿದೆ. ಅಂವ ಸುಮ್ಮನ ಹೋಗಿದ್ರ ನಾನೂ ಸುಮ್ಮನ. ಅವನ ಮೈ, ಅವನ ಮಾತು."

ಇಂಥ ಡಾಕ್ಟರಿಗೆ ಫೇಸ್‌ಬುಕ್ ಪೇಜು ಮಾಡಿಕೊಡುತ್ತೇನೆಂದು ಹೊರಟವನು ನಾನು. ನನ್ನ ಬುದ್ಧಿಗೆ ಏನೆನ್ನಬೇಕು! ಎದುರಿನ ಬಿಲ್ಡಿಂಗಿನ ಎಳೆಯ ಡಾಕ್ಟರು ಫೇಸ್‌ಬುಕ್ಕಿನಲ್ಲಿ ಬಿಳಿ ಕೋಟು ಹಾಕಿಕೊಂಡು ಹಾಡಿಗೆ ಹೆಜ್ಜೆ ಹಾಕುತ್ತ ಮೊಡವೆಯ ಮುಲಾಮು ತೋರಿಸುತ್ತಿದ್ದರು. ಅವರ ಕ್ಲಿನಿಕ್ಕಿನ ಸಾಲು ಬೀದಿಗೆ ಬಂದಿತ್ತು. ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ. ಶನಿವಾರ ನನಗೆ ಆಫೀಸು ರಜೆ. ಕುಷಾಯಿಗೂಡದ ನಮ್ಮ ಮನೆಯಿಂದ ಎರಡು ಬಸ್ಸು ಬದಲಿಸಿ ಹೋಗಿ, ಕ್ಲಿನಿಕ್ಕಿನ ಮೂಲೆಯಲ್ಲಿ ಕಂಪ್ಯೂಟರ್ ಇಟ್ಟುಕೊಂಡು ಕುಳಿತೆ. "ಅತ್ತಿ, ವಾಸಿ ಆದವರದು ಹಿಂದಿನ ಫೋಟೋ ಒಂದು, ಈಗಿನ ಫೋಟೋ ಒಂದು, ಬಾಜು ಬಾಜು ಹಾಕೂಣು. ಮಂದಿ ಮುಕುರ್ತಾರ," ಅಂದೆ.

"ಹಿಂದ ಹೆಂಗಿತ್ತು, ಈಗ ಹೆಂಗೈತಿ ಅಂತ ತೋರಿಸಾಕ ಅದೇನು ಗ್ವಾಡಿ ಪೇಂಟಿಂಗೇನೋ?"

"ಮಾರಿ ಕಾಣಲಾರದಂಗ ಹಾಕಿದ್ರ?"

"ಅವರ ತಾಯಿಗೆ ಕೈ ನೋಡಿದ್ರೂ ಗುರ್ತು ಸಿಗತೈತಿ."

ಕೊನೆಗೆ ಬಹಳ ಕಾಡಿಸಿ ಒಪ್ಪಿಕೊಂಡಿದ್ದು ಇಷ್ಟಕ್ಕೆ: ಬಿಸಿಲಿಗೆ ಕೊಡೆ ಹಿಡಿಯಿರಿ, ಕಂಡ ಕಂಡ ಕ್ರೀಮು ಹಚ್ಚಬೇಡಿ, ಒದ್ದೆ ಬಟ್ಟೆ ಹಾಕಬೇಡಿ. ಕೊಡೆಯ ಪೋಸ್ಟಿಗೆ ಮೂರು ಲೈಕ್ ಬಂದವು. ಒಂದು ನನ್ನದು, ಒಂದು ನನ್ನ ಹೆಂಡತಿಯದು. ಮೂರನೆಯದು ಕೊಡೆ ರಿಪೇರಿಯವನದು!

ಹೀಗೆ ನಗುನಗುತ್ತ ನಡೆದಿದ್ದರೆ ಈ ಪ್ರಬಂಧ ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ. (ಮುಂದಿನದನ್ನು ಸಂಬಂಧಪಟ್ಟವರನ್ನು ಕೇಳಿಯೇ ಬರೆದಿದ್ದೇನೆ, ಹೆಸರು ಯಾರದೂ ಹಾಕಿಲ್ಲ.)

ನಮ್ಮಲ್ಲಿ ಹೈದರಾಬಾದಿನ ಕನ್ನಡ ಮನೆಗಳದ್ದೊಂದು ವಾಟ್ಸಾಪ್ ಗ್ರೂಪಿದೆ. ಮುನ್ನೂರು ಚಿಲ್ಲರೆ ಮಂದಿ. ಯಾರ ಮನೆಯಲ್ಲಿ ನಿಶ್ಚಯವಾದರೂ ಅವತ್ತೇ ಫೋಟೋ ಅಲ್ಲಿ ಬರಬೇಕು, ಎಲ್ಲರೂ ಹರಸಬೇಕು. ಹರಸದವರನ್ನು ಮದುವೆಗೆ ಕರೆಯುವಾಗ ಒಮ್ಮೆ ಯೋಚಿಸುತ್ತಾರೆ. ಒಂದು ಭಾನುವಾರ ಅಂಥ ಫೋಟೋ ಬಂತು. ಹುಡುಗಿಯನ್ನು ನೋಡಿದ ಕೂಡಲೇ ನನಗೆ ಗುರುತು ಸಿಕ್ಕಿತು. ವರ್ಷಕ್ಕೂ ಹೆಚ್ಚು ಕಾಲ ಅತ್ತೆಯ ಕ್ಲಿನಿಕ್ಕಿಗೆ ತಾಯಿಯ ಜೊತೆ ಬರುತ್ತಿದ್ದವಳು, ನಾನು ಶನಿವಾರ ಹೋದಾಗಲೆಲ್ಲ ಕಂಡಿದ್ದೆ. ಬೇಸಿಗೆಯಲ್ಲೂ ಉದ್ದ ತೋಳಿನ ಅಂಗಿ ಹಾಕಿ, ದುಪಟ್ಟಾವನ್ನು ಕುತ್ತಿಗೆಗೆ ಸುತ್ತಿಕೊಂಡು, ಗೋಡೆಯ ಕಡೆಗೆ ಮುಖ ಮಾಡಿ ಕೂರುತ್ತಿದ್ದಳು. ಇವತ್ತು ನೋಡಿದರೆ ಹಸಿರು ಸೀರೆ, ಮುಖದ ತುಂಬ ನಗು. ನನಗೆ ಸಂತೋಷ ತಡೆಯಲಾಗಲಿಲ್ಲ ನೋಡಿ! ಉಳಿದವರೆಲ್ಲ ಕೈ ಮುಗಿದ ಚಿತ್ರ ಹಾಕಿ ಸುಮ್ಮನಾಗಿದ್ದರು. ನಾನು ಸಾಹಿತ್ಯ ಬರೆದೆ: "ಶುಭವಾಗಲಿ ಮಗಳೆ! ನಮ್ಮ ಅತ್ತೆಯ ಕ್ಲಿನಿಕ್ಕಿನಲ್ಲಿ ಅಂಜಿಕೊಂಡು ಕೂರುತ್ತಿದ್ದವಳು ಇವತ್ತು ಚಂದ್ರನಂತೆ ಹೊಳೆಯುತ್ತಿದ್ದೀ. ಎಲ್ಲ ಅತ್ತೆಯ ಕೈಗುಣ!"

ಬರೆದು, ಚಹಾ ಕುಡಿದು, ಫೋನ್ ನೋಡಿದರೆ ಗ್ರೂಪಿನಲ್ಲಿ ಆಶೀರ್ವಾದಗಳು ನಿಂತುಬಿಟ್ಟಿದ್ದವು. ಯಾರೋ ಒಬ್ಬರು, "ಯಾವ ಕ್ಲಿನಿಕ್ ರೀ?" ಎಂದು ಕೇಳಿದ್ದರು. ಇನ್ನೊಬ್ಬ ಪರೋಪಕಾರಿ ಅತ್ತೆಯ ಕ್ಲಿನಿಕ್ಕಿನ ವಿಳಾಸ, ದಾರಿಯ ನಕಾಶೆ ಎಲ್ಲವನ್ನೂ ಹಾಕಿ, ಚರ್ಮಕ್ಕೆ ಇವರೇ ಒಳ್ಳೆಯವರು ಎಂದು ಸೇರಿಸಿದ್ದ!

ಒಳಗಿನಿಂದ ನನ್ನ ಹೆಂಡತಿ ಫೋನ್ ಹಿಡಿದುಕೊಂಡು ಬಂದಳು. ಅವಳ ಮುಖದಲ್ಲಿ ರಕ್ತವೇ ಇರಲಿಲ್ಲ.

"ಏನ್ ಬರದು ಕುಂತೀರಿ ಇದು?"

"ಹರಸೀನಿ, ಮತ್ತೇನು?"

"ಮೊದಲ ಅಳಸ್ರಿ ಅದನ್ನ," ಎಂದು ಒಳಗೆ ಹೋದಳು. ಅಳಿಸಿದೆ. ಅಲ್ಲಿ ಸಂದೇಶ ಅಳಿಸಲಾಗಿದೆ ಎಂಬ ಗುರುತು ಉಳಿಯಿತು. ಅದುವರೆಗೆ ಓದದಿದ್ದವರೂ ಏನಿತ್ತು ಏನಿತ್ತು ಎಂದು ಕೇಳತೊಡಗಿದರು. ಅಷ್ಟರಲ್ಲಿ ಹುಡುಗಿಯ ತಾಯಿಯ ಫೋನ್ ಬಂತು. ಬೈಯುತ್ತಾರೆ ಎಂದುಕೊಂಡಿದ್ದೆ. ಆಕೆ ಬೈಯಲಿಲ್ಲ. "ಅಣ್ಣಾರ, ಹುಡುಗನ ಮನಿಯವರೂ ಅದ ಗ್ರೂಪಿನ್ಯಾಗ ಅದಾರಿ. ಅವರ ತಾಯಿಗೆ ನಾವು ಏನೂ ಹೇಳಿಲ್ರಿ," ಎಂದಷ್ಟೇ ಹೇಳಿ ಅತ್ತುಬಿಟ್ಟರು. ನಿಶ್ಚಯವಾಗಿ ಇನ್ನೂ ಒಂದು ದಿನ ಕಳೆದಿಲ್ಲ, ಒಂದು ಹುಡುಗಿಯ ಮದುವೆಗೆ ನಾನು ಕಲ್ಲು ಹಾಕಿದ್ದೆ.

ಸೋಮವಾರ ಆಫೀಸಿಗೆ ರಜೆ ಹಾಕಿ ಅತ್ತೆಯ ಹತ್ತಿರ ಓಡಿದೆ. ಅವರಿಗೆ ಎಲ್ಲ ತಿಳಿದಿತ್ತು. ಒಳಗೆ ಬಿಟ್ಟುಕೊಳ್ಳಲಿಲ್ಲ. ತೆಲುಗು ಹುಡುಗಿ ನನ್ನ ಕೈಗೆ ಹತ್ತೊಂಬತ್ತನೆಯ ನಂಬರ್ ಕೊಟ್ಟು ಬೆಂಚು ತೋರಿಸಿದಳು! ಎರಡು ತಾಸು ಗೋಡೆ ನೋಡುತ್ತ ಕುಳಿತೆ. ಪಕ್ಕದಲ್ಲಿ ಯಾರು ಕೂತಿದ್ದರೋ, ತಿರುಗಿ ನೋಡುವ ಧೈರ್ಯ ಬರಲಿಲ್ಲ. ನನ್ನ ನಂಬರ್ ಬಂದಾಗ ಒಳಗೆ ಹೋದೆ. ಅತ್ತೆ ಪೆನ್ನು ಹಿಡಿದು, ಪೇಶಂಟಿಗೆ ಕೇಳುವಂತೆಯೇ ಕೇಳಿದರು.

"ಎಷ್ಟು ದಿವಸ ಆತು?"

"ಏನತ್ತಿ?"

"ಬೆರಳಿಗೆ ತುರಿಕಿ."

ನಾನು ತಲೆ ತಗ್ಗಿಸಿದೆ. "ತಪ್ಪಾತತ್ತಿ. ಅಕಿ ಬ್ಯಾರೆ ಹುಡುಗಿ, ನನಗ ಗುರ್ತು ತಪ್ಪಿತು ಅಂತ ಗ್ರೂಪಿನ್ಯಾಗ ಬರದುಬಿಡ್ಲೇನು?"

"ಬರಿ. ಹಂಗಾರ ಆ ಬ್ಯಾರೆ ಹುಡುಗಿ ಯಾರು ಅಂತ ಮುನ್ನೂರು ಮಂದಿ ಹುಡುಕಾಕ ಹತ್ಲಿ." ಪೆನ್ನು ಕೆಳಗಿಟ್ಟರು. "ನಲವತ್ತು ವರ್ಷದಾಗ ನನ್ನ ಬಾಗಲದಿಂದ ಒಂದು ಮಾತು ಹೊರಗ ಹೋಗಿದ್ದಿಲ್ಲೋ. ನನ್ನ ಮನಿ ಹುಡುಗನಿಂದ ಹೋತು." ಇದಕ್ಕಿಂತ ಕೆನ್ನೆಗೆ ಎರಡು ಬಿಟ್ಟಿದ್ದರೆ ಸುಖವಾಗುತ್ತಿತ್ತು.

ಆಗಲೇ ಬಾಗಿಲು ತಳ್ಳಿಕೊಂಡು ಜರಿ ಸೀರೆಯ ಹೆಂಗಸೊಬ್ಬರು ನುಗ್ಗಿದರು. ಫೋಟೋದಲ್ಲಿ ನೋಡಿದ್ದೆ, ಹುಡುಗನ ತಾಯಿ! ನಾನು ಎದ್ದು ಹೊರಡಲು ನೋಡಿದರೆ, "ಕೂಡ್ರಿ ಕೂಡ್ರಿ, ಬರದಾವ್ರು ನೀವ ಅಲ್ಲ? ನೀವೂ ಕೇಳ್ರಿ," ಎಂದು ತಡೆದರು. ಅತ್ತೆಯ ಕಡೆ ತಿರುಗಿ, "ಡಾಕ್ಟರ್ ಬಾಯಾರ, ನಾ ಸುತ್ತಿ ಬಳಸಿ ಮಾತಾಡಾಕಿ ಅಲ್ಲ. ನಮ್ಮ ಸೊಸಿ ಆಗಾಕಿ ನಿಮ್ಮ ಕಡೆ ಯಾತಕ್ಕ ಬರತಿದ್ಲು?" ಎಂದು ಫೋನಿನಲ್ಲಿದ್ದ ಫೋಟೋ ಮುಂದೆ ಹಿಡಿದರು.

ಅತ್ತೆ ಕನ್ನಡಕ ತೆಗೆದು ಡಬ್ಬಿಗೆ ಹಾಕಿದರು. "ಫೋಟೋ ನೋಡೂದಿಲ್ರಿ ನಾನು."

"ಬಂದಿದ್ಲೋ ಇಲ್ಲೋ, ಅಷ್ಟರ ಹೇಳ್ರಿ."

"ಒಂದು ಕೇಳ್ತೀನ್ರಿ. ನಾಳೆ ಹುಡುಗಿ ಮನಿಯವರು ಬಂದು, ನಿಮ್ಮ ಮಗ ಇಲ್ಲಿ ಬಂದಿದ್ನೋ ಇಲ್ಲೋ ಅಂತ ಕೇಳಿದ್ರ ನಾ ಏನ್ ಹೇಳ್ಲಿ?"

"ಅಂವ ಯಾಕ ಬರ್ತಾನ್ರಿ ಇಲ್ಲಿ? ಬಂದಿಲ್ಲ ಅಂತ ಹೇಳ್ರಿ."

"ಹಂಗ ಹೇಳಾಕ ಬರೂದಿಲ್ರಿ. ಬಂದಿದ್ರೂ ಹೇಳಂಗಿಲ್ಲ, ಬರದಿದ್ರೂ ಹೇಳಂಗಿಲ್ಲ."

ಆ ಹೆಂಗಸು ಮುಂದೆ ಹಿಡಿದಿದ್ದ ಫೋನನ್ನು ಕೆಳಗಿಳಿಸಿದರು. ದನಿ ಸಣ್ಣದಾಯಿತು. "ಬಂದಿದ್ನೇನ್ರಿ?"

"ಅವನ್ನ ಕೇಳ್ರಿ," ಅಂದರು ಅತ್ತೆ.

ಸೊಸೆಯ ವಿಚಾರಣೆಗೆ ಬಂದವರು ಅದನ್ನು ಅಲ್ಲೇ ಬಿಟ್ಟು, ಮಗನಿಗೆ ಫೋನ್ ಹಚ್ಚುತ್ತ ದಡದಡ ಮೆಟ್ಟಿಲಿಳಿದರು! ನನಗೆ ಅಂಥ ದುಃಖದಲ್ಲೂ ನಗು ಬಂತು. ಅತ್ತೆ ನಗಲಿಲ್ಲ. "ಹುಡುಗಿ ಮನಿಗೆ ಹೋಗು. ತಪ್ಪಾತು ಅಂತ ಹೇಳು. ಫೋನಿನ್ಯಾಗ ಅಲ್ಲ, ಮಾರಿ ತಗೊಂಡು ಹೋಗಿ ಹೇಳು," ಎಂದು ಕಳಿಸಿದರು.

ಸಂಜೆ ಹೋದೆ. ಬಾಗಿಲು ತೆಗೆದವಳು ಆ ಹುಡುಗಿಯೇ. ನೀರು ತಂದುಕೊಟ್ಟು ಎದುರಿಗೆ ಕೂತಳು. ಹುಡುಗ ಮಧ್ಯಾಹ್ನವೇ ಫೋನ್ ಮಾಡಿದ್ದನಂತೆ. ತಾಯಿ ಅವನನ್ನು ನಿನಗೇನು ಚರ್ಮರೋಗ ಎಂದು ತರಾಟೆಗೆ ತೆಗೆದುಕೊಂಡಿದ್ದರು, ಆ ಜಗಳದಲ್ಲಿ ಎಲ್ಲ ಮಾತೂ ಹೊರಗೆ ಬಂದಿತ್ತು. ತೊನ್ನಿನ ಕಲೆಯ ವಿಷಯವನ್ನು ಹುಡುಗಿ ಮೊದಲ ಭೇಟಿಯಲ್ಲೇ ಅವನಿಗೆ ಹೇಳಿದ್ದಳು. ಅವನು ಒಪ್ಪಿಯೇ ನಿಶ್ಚಯ ಮಾಡಿಕೊಂಡಿದ್ದ. ತಾಯಿ ಎರಡು ತಾಸು ಮುನಿಸಿಕೊಂಡಿದ್ದು, ಕೊನೆಗೆ ಸೀರೆ ಖರೀದಿಗೆ ಯಾವಾಗ ಹೋಗೋಣ ಎಂದು ಕೇಳಿದ್ದರಂತೆ. ಮದುವೆ ಉಳಿದಿತ್ತು. ನಾನು ದೊಡ್ಡದಾಗಿ ಉಸಿರುಬಿಟ್ಟು, "ಹಂಗಾರ ಎಲ್ಲಾ ಛಲೋನ ಆತಲ್ಲವಾ" ಅಂದೆ.

"ಇಲ್ಲ ಕಾಕಾ," ಅಂದಳು ಅವಳು. "ಮದುವಿ ಆದ ಮ್ಯಾಲೆ ಅವರ ತಾಯಿಗೆ ನಾನ ಕುಂತು ಹೇಳಾಕಿ ಇದ್ದೆ. ಹೆಂಗ ಹೇಳ್ಬೇಕಂತ ಮನಸ್ಸಿನ್ಯಾಗ ಎಲ್ಲಾ ಜೋಡಿಸಿ ಇಟ್ಟಿದ್ದೆ. ಅದು ನಾ ಹೇಳೂ ಮಾತಾಗಿತ್ತು." ಸಿಟ್ಟಿನಿಂದ ಹೇಳಲಿಲ್ಲ. ಅದಕ್ಕೇ ನನಗೆ ತಲೆ ಎತ್ತಲಾಗಲಿಲ್ಲ. ಕೈ ಮುಗಿದು ಎದ್ದು ಬಂದೆ.

ಮನೆಯಲ್ಲಿ ಹೆಂಡತಿ ಭಾನುವಾರದಿಂದ ನನ್ನೊಡನೆ ಮಾತು ಬಿಟ್ಟಿದ್ದಳು. ತಪ್ಪು ಮಾಡಿದ್ದೇನೆ, ಸರಿ. ಆದರೆ ಆ ಹುಡುಗಿ ನಮಗೆ ಬಳಗವಲ್ಲ, ಬೀಗರಲ್ಲ, ಇವಳಿಗೇಕೆ ಇಷ್ಟು ಸಂಕಟ? ರೊಟ್ಟಿ ಬಡಿಯುತ್ತಿದ್ದವಳ ಹತ್ತಿರ ಹೋಗಿ ಸುದ್ದಿಯೆಲ್ಲ ಹೇಳಿದೆ. ಮದುವೆ ಉಳಿಯಿತು ಅಂದ ಕೂಡಲೇ ಅವಳ ಕೈ ನಿಂತಿತು. ಒಲೆ ಆರಿಸಿದಳು.

"ಆ ಬೆಂಚಿನ ಮ್ಯಾಲೆ ನಾನೂ ಕುಂತೀನ್ರಿ," ಅಂದಳು.

"ಯಾವಾಗ?" ಅಂದೆ.

"ನಿಮ್ಮ ಸಂಬಂಧ ಬರೂಕಿಂತ ಮೊದಲ. ಪಾದದ ಮ್ಯಾಲೊಂದು, ಮೊಣಕೈಗೊಂದು ಬಿಳೇ ಕಲಿ ಎದ್ದಿತ್ತು. ಎರಡು ವರ್ಷ ತಿಂಗಳಾ ತಿಂಗಳಾ ರಾಯಚೂರಿಂದ ನಮ್ಮಪ್ಪ ನನ್ನ ಕರಕೊಂಡು ಬರತಿದ್ದ. ಊರಾಗ ಯಾರಿಗೂ ಹೇಳಿದ್ದಿಲ್ಲ. ಎಲ್ಲಾ ಹೋತು, ಕಡೀಕ ನಿಮ್ಮ ಸಂಬಂಧ ಬಂತು. ನೀವು ನೋಡಾಕ ಬಂದ ದಿವಸ ಕಾರಿಂದ ಇಳಿದವರೊಳಗ ಅತ್ತಿನ್ನ ನೋಡಿದೆ. ಮುಗೀತು ಅನ್ಕೊಂಡೆ. ಅವರು ನನ್ನ ಮಾರಿ ನೋಡಿ, 'ಏನವಾ ನಿನ್ನ ಹೆಸರು' ಅಂತ ಕೇಳಿದ್ರು."

ನಾನು ಅಲ್ಲೇ ನೆಲದ ಮೇಲೆ ಕುಳಿತೆ.

"ನಿಮ್ಮಪ್ಪ ಅವತ್ತು ಎಲ್ಲಾರ ಮುಂದ ಅವರನ್ನ ಕೇಳಿದ್ರು, ಹುಡುಗಿ ಹೆಂಗನಸ್ತಾಳ ತಂಗಿ ಅಂತ. 'ಭಾಳ ಛಲೋ ಹುಡುಗಿ ಅಣ್ಣಾ' ಅಂದ್ರು, ಅಷ್ಟ. ಮದುವಿ ಆಗಿ ವರ್ಷದ ಮ್ಯಾಲೆ ಒಮ್ಮೆ ಅಡಗಿ ಮನ್ಯಾಗ ನಾನ ಆ ಮಾತು ತಗದೆ. 'ಅತ್ತಿ, ಅವತ್ತು ನೀವು' ಅನ್ನೂದ್ರಾಗ, 'ಉಪ್ಪು ಎಲ್ಲಿಟ್ಟೀಯವಾ' ಅಂದ್ರು. ಇಪ್ಪತ್ನಾಕು ವರ್ಷ ಆತು. ನನ್ನ ಮುಂದನೂ ಒಂದು ದಿವಸ ಆ ಸುದ್ದಿ ಎತ್ತಿಲ್ಲ." ಸೆರಗಿನಿಂದ ಕಣ್ಣು ಒರೆಸಿಕೊಂಡಳು. "ನಿಮ್ಮ ಬರಹ ಓದಿದಾಗ ಅಲ್ಲಿ ಆ ಹುಡುಗಿ ಕಾಣಲಿಲ್ರಿ ನನಗ. ನಾ ಕಂಡೆ."

ಅವತ್ತು ಯಾರಾದರೂ ನನ್ನ ಕಿವಿಯಲ್ಲಿ ಹೇಳಿದ್ದರೆ ನಾನು ಏನು ಮಾಡುತ್ತಿದ್ದೆ? ಅದರಲ್ಲೇನಿದೆ, ಅವಳನ್ನೇ ಮದುವೆಯಾಗುತ್ತೇನೆ ಎನ್ನುತ್ತಿದ್ದೆ ಎಂದು ಈಗ ಎದೆ ತಟ್ಟಿ ಹೇಳಬಹುದು. ಆದರೆ ಇಪ್ಪತ್ತಾರು ವಯಸ್ಸಿನ ಆ ಹುಡುಗನನ್ನು ನಾನು ಬಲ್ಲೆ. ಅವನ ಮೇಲೆ ನನಗೆ ಅಷ್ಟು ನಂಬಿಕೆ ಇಲ್ಲ. ಈ ಹೆಂಡತಿ, ನನ್ನ ಮಗಳು, ಈ ಮನೆ, ಎಲ್ಲವೂ ಒಬ್ಬ ಹೆಂಗಸು ತನ್ನ ಸ್ವಂತ ಅಣ್ಣನ ಮುಂದೆಯೂ ಬಾಯಿ ಬಿಡದೆ ಇದ್ದುದರಿಂದ ನನಗೆ ಸಿಕ್ಕವು. ಅಂಥವರಿಗೆ ನಾನು ಲೈಕ್ ಕೊಡಿಸಲು ಹೋಗಿದ್ದೆ.

ಮರುದಿನ ಬೆಳಿಗ್ಗೆ ಕ್ಲಿನಿಕ್ಕು ತೆರೆಯುವ ಹೊತ್ತಿಗೆ ಹೋದೆ. ಈ ಸಲ ನಂಬರ್ ಇಲ್ಲದೆ ಒಳಗೆ ನುಗ್ಗಿ ಅತ್ತೆಯ ಕಾಲಿಗೆ ಬಿದ್ದೆ.

"ಏನೋ ಇದು? ಹಬ್ಬಿಲ್ಲ, ಹುಣ್ಣಿವಿಲ್ಲ."

"ಅಕಿ ಎಲ್ಲಾ ಹೇಳಿದ್ಲತ್ತಿ."

ಅತ್ತೆ ಕನ್ನಡಕ ಹಾಕಿಕೊಂಡು ನನ್ನನ್ನು ನೋಡಿದರು. ಆಮೇಲೆ, "ಯಾರು? ಏನ್ ಹೇಳಿದ್ಲು?" ಅಂದರು.

ನನಗೆ ತಡೆಯಲಾಗಲಿಲ್ಲ. ಐವತ್ತರ ಗಂಡಸು, ಅವರ ಪಾದ ಹಿಡಿದುಕೊಂಡು ಮಕ್ಕಳ ಹಾಗೆ ಅತ್ತುಬಿಟ್ಟೆ. ಅವರು ಯಾಕೆಂದು ಕೇಳಲಿಲ್ಲ. ಹೊರಗೆ ಬೆಂಚಿನ ಮೇಲೆ ಜನ ಬಂದು ಕೂರತೊಡಗಿದ್ದರು. ಅತ್ತೆ ಮೆಲ್ಲಗೆ ಕಾಲು ಬಿಡಿಸಿಕೊಂಡು ಎದ್ದರು, ಐದು ನಿಮಿಷ ಯಾರನ್ನೂ ಬಿಡಬೇಡ ಎಂದು ಹೊರಗಿನ ಹುಡುಗಿಗೆ ತೆಲುಗಿನಲ್ಲಿ ಹೇಳಿದರು, ಮತ್ತು ನಾನು ಅಳುವುದು ಯಾರಿಗೂ ಕಾಣದಂತೆ ಬಾಗಿಲು ಮುಚ್ಚಿದರು.